ಮುಟ್ಟಿದ್ದು ಹುಲ್ಲೋ, ನೆಲವೋ?

ಸುಳ್ಳು ಹೇಳುವುದರಲ್ಲಿ ನಾನು ಯಾರಿಗೂ ಕಡಿಮೆಯಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಗಲ್ಫಿಗೆ ಬಂದವನಿಗೆ ಈ ವಿದ್ಯೆ ವೀಸಾದ ಜತೆಗೇ ಸಿಗುತ್ತದೆ. ಅಮ್ಮ ಫೋನಿನಲ್ಲಿ ಊಟ ಆಯಿತಾ ಎಂದು ಕೇಳಿದರೆ, ಒಣಗಿದ ಖುಬ್ಬೂಸ್ ರೊಟ್ಟಿಯ ತುಂಡು ಕೈಯಲ್ಲಿ ಹಿಡಿದುಕೊಂಡೇ, ಕುಚ್ಚಲಕ್ಕಿ ಅನ್ನ, ಮೀನು ಸಾರು ಭರ್ಜರಿಯಾಯಿತು ಎನ್ನುತ್ತೇನೆ. ಮ್ಯಾನೇಜರು ಎಲ್ಲಿದ್ದೀ ಎಂದರೆ, ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಫ್ಲಾಟಿನ ಬಚ್ಚಲಲ್ಲಿ ನಿಂತು, ಸೈಟಿನ ಗೇಟಿನಲ್ಲಿದ್ದೇನೆ ಸರ್ ಎನ್ನುತ್ತೇನೆ. ಈ ಯಾವ ಸುಳ್ಳೂ ನನ್ನ ನಿದ್ದೆ ಕೆಡಿಸಿಲ್ಲ. ಕೆಡಿಸಿದ್ದು ಹುಲ್ಲಿನ ಬಗ್ಗೆ ಹೇಳಿದ ಒಂದೇ ಒಂದು ಸುಳ್ಳು.

ಗಾಲ್ಫ್ ನಮ್ಮಂಥವರ ಆಟವಲ್ಲ. ನಾನು ಏಸಿ ಕಂಪನಿಯೊಂದರಲ್ಲಿ ಖರ್ಚಿನ ಅಂದಾಜು ಹಾಕುವ ಎಸ್ಟಿಮೇಟರ್. ಇಸ್ಮಾಯಿಲ್ ಅದೇ ಕಂಪನಿಯ ಸ್ಟೋರ್ ಕೀಪರ್, ಪುತ್ತೂರಿನ ಕಡೆಯ ಬ್ಯಾರಿ. ಊರಿಗೆ ಹಿಂತಿರುಗಿದ ಬಿಳಿ ಮ್ಯಾನೇಜರೊಬ್ಬ ಕೋಲು ತುಂಬಿದ ತನ್ನ ಎರಡು ಹಳೆಯ ಗಾಲ್ಫ್ ಚೀಲಗಳನ್ನು ಸ್ಟೋರಿನಲ್ಲಿ ಎಸೆದು ಹೋಗಿದ್ದ. ಸ್ಟೋರಿನಲ್ಲಿ ಒಂದು ಮೊಳೆ ಸುಮ್ಮನೆ ಬಿದ್ದಿದ್ದರೂ ಇಸ್ಮಾಯಿಲರಿಗೆ ಸಮಾಧಾನವಿಲ್ಲ. "ಶೆಟ್ರೇ, ಇದು ತುಕ್ಕು ಹಿಡೀತಾ ಉಂಟು. ಒಂದು ಕೈ ನೋಡುವನಾ?" ಎಂದರು. ಹಾಗೆ ಶುಕ್ರವಾರ ಸಂಜೆಗಳಲ್ಲಿ ಇಬ್ಬರೂ ಚೆಂಡು ಹೊಡೆಯುವುದನ್ನು ಕಲಿತೆವು. ಕಲಿತೆವು ಎನ್ನುವುದಕ್ಕಿಂತ, ಚೆಂಡು ನಾವು ಅಂದುಕೊಂಡ ದಿಕ್ಕಿಗೆ ಆಗಾಗ ಹೋಗತೊಡಗಿತು ಎಂದರೆ ಸರಿ.

ನನಗೆ ಆಟಕ್ಕಿಂತ ಅದರ ನಿಯಮಗಳ ಪುಸ್ತಕ ಹೆಚ್ಚು ಹಿಡಿಸಿತು. ಟೆಂಡರ್ ಓದಿ ಓದಿ ನನ್ನ ಕಣ್ಣು ಹಾಗಾಗಿದೆ. ಕೆಂಪು ಗೂಟ ನೆಟ್ಟ ಕೆರೆ ಅಂಚಿನಂಥ ಜಾಗಕ್ಕೆ ಹಜಾರ್ಡ್ ಎನ್ನುತ್ತಾರೆ. ಚೆಂಡು ಅಲ್ಲಿ ಬಿದ್ದರೆ, ಹೊಡೆಯುವ ಮುಂಚೆ ಕೋಲಾಗಲಿ ಕೈಯಾಗಲಿ ನೆಲಕ್ಕೆ ತಾಗಬಾರದು. ತಾಗಿದರೆ ಎರಡು ಹೊಡೆತದ ದಂಡ. ಆದರೆ ಬೆಳೆದು ನಿಂತ ಹುಲ್ಲನ್ನು ಮುಟ್ಟಬಹುದು. ಅದೇ ಹುಲ್ಲು ಕತ್ತರಿಸಿ ಬಿದ್ದಿದ್ದರೆ ಮುಟ್ಟಬಾರದು! ಬದುಕಿದ್ದರೆ ಮುಟ್ಟು, ಸತ್ತರೆ ಮುಟ್ಟಬೇಡ, ಅದು ನಿಂತ ನೆಲವನ್ನಂತೂ ಮುಟ್ಟಲೇಬೇಡ. ನಮ್ಮ ಅಜ್ಜಿಯ ಮಡಿ ಕೂಡ ಇಷ್ಟು ಸೂಕ್ಷ್ಮವಾಗಿರಲಿಲ್ಲ. ಇದನ್ನು ನಾನು ಊಟದ ಹೊತ್ತಿನಲ್ಲಿ ವಿವರಿಸಿದಾಗ ಹೆಂಡತಿ ಸುಜಾತ, "ದನ ಸಾಕುವವರೂ ಹುಲ್ಲಿನ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳೂದಿಲ್ಲಪ್ಪ. ಅನ್ನ ತಣ್ಣಗಾಯ್ತು, ಉಣ್ಣಿ" ಎಂದಳು.

ಹೀಗಿರುವಾಗ ಕಂಪನಿಯಲ್ಲಿ ಕೆಲಸ ಕಡಿಮೆಯಾಗಿ ಇಸ್ಮಾಯಿಲರ ವೀಸಾ ಕ್ಯಾನ್ಸಲ್ ಆಯಿತು. ಇಪ್ಪತ್ತನಾಲ್ಕು ವರ್ಷ ದುಡಿದ ಮೇಲೆ ಖಲಾಸ್. ಅವರು ಹೊರಡುವ ವಾರವೇ ದುಬೈಯಲ್ಲಿ ಏಸಿ ಕಂಪನಿಗಳವರ ಜೋಡಿ ಪಂದ್ಯ ಬಂತು. ಇಬ್ಬರ ಹೊಡೆತಗಳನ್ನು ಕೂಡಿಸಿ ಯಾರದು ಕಡಿಮೆಯೋ ಅವರಿಗೆ ಬಹುಮಾನದ ಕಪ್ಪು. ದಾರಿಯಲ್ಲಿ ಕಾರಿನಲ್ಲಿ ಇಸ್ಮಾಯಿಲರು ಹೇಳಿದರು: "ಶಾಲೆಯಲ್ಲೂ ನಂಗೆ ಒಂದು ಲೋಟ ಬಹುಮಾನ ಬಂದದ್ದಿಲ್ಲ ಮಾರಾಯ್ರೆ. ಮನೆಯ ಶೋಕೇಸಲ್ಲಿ ಇಡ್ಲಿಕ್ಕೆ ಒಂದು ಕಪ್ಪು ಸಿಕ್ಕಿದ್ರೆ ಸಾಕಿತ್ತು." ಈ ಮನುಷ್ಯನಿಗೆ ಆ ಕಪ್ಪು ಕೊಡಿಸಿಯೇ ಸಿದ್ಧ ಎಂದು ನಿರ್ಧರಿಸಿದೆ.

ಚೆಂಡು ಬೀಳಿಸಬೇಕಾದ ಗುಂಡಿಗಳಲ್ಲಿ ಕೊನೆಯದರ ತನಕ ನಾವೇ ಮುಂದೆ. ಅಲ್ಲಿ ನನ್ನ ಚೆಂಡು ಕೆಂಪು ಗೂಟ ದಾಟಿ ಕೆರೆಯ ಅಂಚಿನ ಉದ್ದ ಹುಲ್ಲಿನಲ್ಲಿ ಕೂತಿತು. ಈಗ ನನ್ನ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಶಾಲೆಯಲ್ಲಿ ಕಬಡ್ಡಿ ಆಡುವಾಗ ಅಂಕಣಕ್ಕೆ ಇಳಿಯುವ ಮುಂಚೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಆ ಕೈಗೆ ಇವತ್ತಿಗೂ ಬುದ್ಧಿ ಬಂದಿಲ್ಲ. ಅಬುಧಾಬಿಯ ಆಫೀಸಿನಲ್ಲಿ ಮೊದಲ ದಿನ ಹೊಸ್ತಿಲಿಗೆ ಬಾಗಿದಾಗ, ರಿಸೆಪ್ಶನಿನ ಫಿಲಿಪ್ಪೀನೀ ಹುಡುಗಿ ಪಾಪ, ಏನೋ ಬೀಳಿಸಿಕೊಂಡಿದ್ದಾನೆಂದು ತಾನೂ ಬಗ್ಗಿ ಹುಡುಕಿದ್ದಳು. ಅವತ್ತು ಕೆರೆಯಂಚಿನಲ್ಲೂ ಅದೇ ಕೈ, ನನ್ನನ್ನು ಒಂದು ಮಾತೂ ಕೇಳದೆ, ಹುಲ್ಲಿನ ನಡುವೆ ಇಳಿದು ನೆಲ ಮುಟ್ಟಿ ಕಣ್ಣಿಗೆ ಬಂತು. ಬೆರಳಿಗೆ ಒದ್ದೆ ಮಣ್ಣು ತಣ್ಣಗೆ ತಾಗಿದ್ದು ನನಗೆ ಸ್ಪಷ್ಟವಾಗಿ ಗೊತ್ತಾಯಿತು. ಪುಸ್ತಕ ಬಾಯಿಪಾಠ ಮಾಡಿದವನು ನಾನೇ ಅಲ್ಲವೇ!

ಚೆಂಡು ಹೊಡೆದದ್ದೇನೋ ಆಯಿತು. ಆದರೆ ಎದುರು ಜೋಡಿಯ ಲೆಬನಾನಿ ಇಂಜಿನಿಯರ್ ನಾನು ಬಗ್ಗಿದ್ದನ್ನು ನೋಡಿದ್ದ. "ಹಬೀಬಿ, ಕೈ ಹಾಕಿದೆಯಲ್ಲ" ಎಂದು ಗಲಾಟೆ ಶುರು ಮಾಡಿದ. ಪಂದ್ಯ ನೋಡಿಕೊಳ್ಳುವ ಐರಿಷ್ ಮುದುಕ ಗಾಡಿಯಲ್ಲಿ ಬಂದ. ಎಲ್ಲ ಕೇಳಿಸಿಕೊಂಡು ನನ್ನನ್ನೇ ನೋಡುತ್ತ, "ಹುಲ್ಲು ಮಾತ್ರವಾದರೆ ತಪ್ಪಿಲ್ಲ. ನೆಲವಾದರೆ ಎರಡು ಹೊಡೆತ. ನಿನಗೊಬ್ಬನಿಗೇ ಗೊತ್ತಿರುವ ವಿಷಯ. ನೀನು ಹೇಳಿದ್ದೇ ಕೊನೆ" ಎಂದ. ನಾನು ಇಸ್ಮಾಯಿಲರ ಮುಖ ನೋಡಲಿಲ್ಲ. "ಹುಲ್ಲು" ಎಂದೆ. ಎಷ್ಟು ಗಟ್ಟಿಯಾಗಿ ಎಂದೆನೆಂದರೆ ಆ ಕ್ಷಣಕ್ಕೆ ನನಗೇ ನಂಬಿಕೆ ಬಂತು.

ಒಂದೇ ಹೊಡೆತದಿಂದ ಗೆದ್ದೆವು. ಬಹುಮಾನಕ್ಕೆ ಹೋಗುವ ಮುಂಚೆ ನಾನು ಟೋಪಿ ತೆಗೆದಾಗ ಇಸ್ಮಾಯಿಲರು ಜೇಬಿನಿಂದ ಟಿಶ್ಯೂ ತೆಗೆದು ಕೊಟ್ಟು, "ಕಣ್ಣಿನ ಮೇಲೆ ಎಂತದೋ ಅಂಟಿದೆ, ಒರೆಸಿಕೊಳ್ಳಿ" ಎಂದರು. ಒರೆಸಿದೆ. ಟಿಶ್ಯೂವಿನಲ್ಲಿ ಕೆರೆಯ ಕಪ್ಪು ಮಣ್ಣು. ಅವರು ಅದನ್ನು ನೋಡಿದರು, ನಾನೂ ನೋಡಿದೆ. ಫೋಟೋದಲ್ಲಿ ನಾನು ಹಲ್ಲು ಕಿರಿಯುತ್ತಿದ್ದೇನೆ, ಅವರು ಕಪ್ಪಿನ ಕಿವಿಯನ್ನು ಎರಡು ಬೆರಳಿನಲ್ಲಿ ಹಿಡಿದಿದ್ದಾರೆ.

ನಾಲ್ಕು ದಿನದ ಮೇಲೆ ಮಧ್ಯಾಹ್ನದ ಮಂಗಳೂರು ವಿಮಾನಕ್ಕೆ ಅವರನ್ನು ಬಿಡಲು ಹೋದೆ. ಏರ್‌ಪೋರ್ಟಿನ ಬಾಗಿಲಲ್ಲಿ ಕೈಚೀಲದಿಂದ ಕಪ್ಪು ತೆಗೆದು ನನ್ನ ಕೈಯಲ್ಲಿಟ್ಟರು. "ತೂಕ ಜಾಸ್ತಿ ಆಗ್ತದೆ ಶೆಟ್ರೇ. ನಿಮ್ಮಲ್ಲೇ ಇರ್ಲಿ." ಅವರ ಪೆಟ್ಟಿಗೆಗಳನ್ನು ಹಿಂದಿನ ದಿನ ನಾನೇ ಹಗ್ಗ ಕಟ್ಟಿ ತೂಗಿದ್ದೆ, ಇನ್ನೂ ಮೂರು ಕಿಲೋಗೆ ಜಾಗವಿತ್ತು. ಕಪ್ಪೋ, ಒಂದು ತೆಂಗಿನಕಾಯಿಯಷ್ಟೂ ಭಾರವಿಲ್ಲ. ಕಾರಿನಲ್ಲಿ ಒಬ್ಬನೇ ಕೂತು ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅವರಿಗಾಗಿಯೇ ಹೇಳಿದ ಸುಳ್ಳು, ಅವರಿಗೇ ಬೇಡವಾಯಿತು.

ಈ ವರ್ಷ ಗಾಲ್ಫಿನ ನಿಯಮಗಳು ಬದಲಾದವು. ಕೆಂಪು ಗೂಟದೊಳಗೆ ಇನ್ನು ಕೋಲು, ಕೈ, ಏನು ಬೇಕಾದರೂ ನೆಲಕ್ಕೆ ತಾಗಬಹುದಂತೆ. ಓದಿದವನೇ ಕುಣಿದಾಡಿ ಪುತ್ತೂರಿಗೆ ಫೋನು ಹಚ್ಚಿದೆ. "ಇಸ್ಮಾಯಿಲರೇ, ನೆಲ ಮುಟ್ಟಿದರೂ ತಪ್ಪಿಲ್ಲ ಅಂತ ಪುಸ್ತಕದಲ್ಲೇ ಬಂದಿದೆ! ರಜೆಗೆ ಬರುವಾಗ ಕಪ್ಪು ತರ್ತೇನೆ."

ಅವರು ಮನಸಾರೆ ನಕ್ಕರು. ಮಕ್ಕಳ ಬಗ್ಗೆ ಕೇಳಿದರು, ಸುಜಾತಳ ಬಗ್ಗೆ ಕೇಳಿದರು. ಆಮೇಲೆ ಹೇಳಿದರು: "ನೆಲ ಮುಟ್ಟಬಹುದು ಅಂತ ಆದದ್ದು ಒಳ್ಳೇದಾಯ್ತು ಮಾರಾಯ್ರೆ. ಕೇಳಿದವರಿಗೆ ಸುಳ್ಳು ಹೇಳ್ಬಹುದು ಅಂತಲೂ ಬರ್ದಿದ್ದಾರಾ, ಸ್ವಲ್ಪ ನೋಡಿ."

ಫೋನು ಇಟ್ಟ ಮೇಲೆ ನಾನು, ಎಸ್ಟಿಮೇಟರ್ ಜಾತಿಯವನು, ಕನ್ನಡಕ ಹಾಕಿಕೊಂಡು ಹೊಸ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯವರೆಗೆ ನಿಜಕ್ಕೂ ಹುಡುಕಿದೆ. ಬರೆದಿಲ್ಲ.