ಗಾಳಿಕಂಬಕ್ಕೆ ಇಸಾಕಸಾಬರ ಗಿಲಾವು

ವೀರೇಂದ್ರ: ಯಾರ್ ಹೇಳಿದ್ರು ನಿಮಗ ಈ ಸಂದು ಮುಚ್ಚಾಕ?

ಇಸಾಕಸಾಬ: ಯಾರ್ ಹೇಳ್ಬೇಕ್ರಿ? ನನಗ ಕಣ್ಣಿಲ್ಲೇನು?

ಮೋಟೆಬೆನ್ನೂರಿನ ಆಚೆ ಗುಡ್ಡದ ಮೇಲೆ ವಿದ್ಯುತ್ ತಯಾರಿಸುವ ಫ್ಯಾನಿನ ನಾಲ್ಕು ಹೊಸ ಗಾಳಿಕಂಬಗಳು. ಒಂದರ ಬುಡದಲ್ಲಿ ಇಂಜಿನಿಯರ್ ವೀರೇಂದ್ರ ತಲೆಯ ಮೇಲೆ ಕೈ ಹೊತ್ತು ನಿಂತಿದ್ದ. ಗೌಂಡಿ ಇಸಾಕಸಾಬರನ್ನು ಕರೆಸಿದ್ದು ಕಾವಲುಗಾರನ ಕೋಣೆ ಕಟ್ಟುವುದಕ್ಕೆ. ಮೊನ್ನೆ ಕೋಣೆ ಮುಗಿದು ಸಿಮೆಂಟು ಉಳಿಯಿತು. ಚೆಲ್ಲಲು ಮನಸ್ಸಾಗದೆ, ಒಂದರ ಮೇಲೊಂದು ಪೇರಿಸಿದ ಕಂಬದ ಕಾಂಕ್ರೀಟ್ ಬಳೆಗಳಲ್ಲಿ ಕೆಳಗಿನ ಎರಡು ಕೂಡುವ ಸಂದಿಗೆ ಸುತ್ತಲೂ ಗಿಲಾವು ಮಾಡಿಬಿಟ್ಟಿದ್ದರು. ಪುಣ್ಯಾತ್ಮರು ಕೂಲಿಯನ್ನೂ ಕೇಳಿರಲಿಲ್ಲ.

ವೀರೇಂದ್ರ: ಅಲ್ಲಿ ಸಿಮೆಂಟ ಹಾಕೂದು ನಾವು ಮರ್ತಿಲ್ರಿ. ಬೇಕಂತ ಬಿಟ್ಟೇವಿ.

ಇಸಾಕಸಾಬ: ಸಿಕ್ಕಿಬಿದ್ದ ಗೌಂಡ್ಯಾರೆಲ್ಲಾ ಹಿಂಗ ಅಂತಾರ್ರಿ.

ವೀರೇಂದ್ರ: ಒಳಗ ಮ್ಯಾಲಿಂದ ಕೆಳಗಿನ ತನಕ ಉಕ್ಕಿನ ಹಗ್ಗ ಅದಾವ. ಬಳಿ ಎಲ್ಲಾ ಬಿಗಿದು ಹಿಡದಾವ. ಬ್ಯಾಡಗಿ ಮೆಣಸಿನಕಾಯಿ ಲಾರಿ ನೋಡೀರಿಲ್ಲ? ಚೀಲದ ನಡಕ ಸಿಮೆಂಟ ಹಾಕ್ತಾರೇನು? ಹಗ್ಗ ಬಿಗೀತಾರ ಅಷ್ಟ.

ಇಸಾಕಸಾಬ: ಆ ಲಾರಿ ತಿರುವಿನಾಗ ವಾಲೂದೂ ನೋಡೇನಿ.

ವೀರೇಂದ್ರ: ಇದೂ ವಾಲ್ತೈತಿ. ಭಾಳ ಜೋರ ಗಾಳಿ ಬಂದ್ರ, ಗಾಳಿ ಹೊಡಿಯೂ ಕಡೆ ಸಂದು ಕೂದಲಷ್ಟು ತೆರೀತೈತಿ, ಗಾಳಿ ಇಳಿದ್ರ ಮುಚ್ಚತೈತಿ.

ಇಸಾಕಸಾಬ: ಯಾ ಅಲ್ಲಾ! ತೆರೀತೈತಿ ಅಂತ ಗೊತ್ತಿದ್ದೂ ಕಟ್ಟೀರಿ? ನಾ ಕಟ್ಟಿದ ಗ್ವಾಡಿ ಹಂಗ ಮಾಡಿದ್ರ ಮಂದಿ ನನ್ನ ಊರಾಗ ಇರಗೊಡತಿದ್ದಿಲ್ಲ.

ವೀರೇಂದ್ರ: ಅದಿರ್ಲಿ. ಎಷ್ಟು ತೆರೀತು ಅಂತ ಅಳಿಯಾಕ ಒಂದು ಸಣ್ಣ ಯಂತ್ರ ಹಚ್ಚಿದ್ದೆ. ಎಲ್ಲೈತಿ?

ಇಸಾಕಸಾಬ: ಆ ವಾಯರಿನ ಡಬ್ಬಿ? ಅಸಯ್ಯ ಕಾಣತಿತ್ತು. ಒಳಗ ಕೂಡ್ರಿಸಿ ಸಿಮೆಂಟ ಎಳದೆ. ಈಗ ಹುಡುಕಿದ್ರೂ ಸಿಗಂಗಿಲ್ಲ.

ವೀರೇಂದ್ರ ಗಡಿಯಾರ ನೋಡಿಕೊಂಡ. ಹಿಂದಿನ ಸಂಜೆ ಬಿರುಗಾಳಿ ಬೀಸಿತ್ತು. ಸಂದು ತೆರೆದದ್ದು ಸರಿಯಾಗಿ ಮುಚ್ಚಿಕೊಂಡಿದೆ ಎಂಬುದಕ್ಕೆ ಮಧ್ಯಾಹ್ನದೊಳಗೆ ಹಾವೇರಿಯ ಸಾಹೇಬರಿಗೆ ಪುರಾವೆ ಕಳಿಸಬೇಕು. ಇಲ್ಲದಿದ್ದರೆ ಫ್ಯಾನು ನಿಲ್ಲುತ್ತದೆ, ಅವನನ್ನೂ ಮನೆಗೆ ಕಳಿಸುತ್ತಾರೆ.

ವೀರೇಂದ್ರ: ಹೋತು. ನನ್ನ ನೌಕರಿ ಹೋತು.

ಇಸಾಕಸಾಬ: ಯಾಕ ಹೋಗ್ತೈತ್ರಿ? ಬರ್ರಿ, ಕೈಯಾಡಿಸಿ ನೋಡ್ರಿ. ನಲವತ್ತು ವರ್ಷದಾಗ ನನ್ನ ಗಿಲಾವು ಒಂದರ ಕಡೆ ಸೀಳಿ...

ಹೇಳುತ್ತಲೇ ಪಡುವಣ ಬದಿಗೆ ಬಂದರು. ನುಣುಪಾದ ಗಿಲಾವಿನ ನಟ್ಟನಡುವೆ, ಸಂದಿನ ಉದ್ದಕ್ಕೂ, ಕೂದಲೆಳೆಯಷ್ಟು ಬಿರುಕು. ಇಸಾಕಸಾಬರು ಹೆಗಲ ಟವೆಲ್ಲನ್ನು ಅದರ ಮೇಲೆ ಹಿಡಿದರು.

ಇಸಾಕಸಾಬ: ನೋಡಬ್ಯಾಡ್ರಿ! ಈಗಿಂದೀಗ ತಿದ್ದತೇನಿ.

ವೀರೇಂದ್ರ: ಕೈ ಹಚ್ಚಬ್ಯಾಡ್ರಿ! ನಿನ್ನಿ ಗಾಳಿ ಬೀಸಿದ್ದೂ ಇದ ಕಡೆಯಿಂದ!

ಓಡಿಹೋಗಿ ಮೂಡಣ ಬದಿ ನೋಡಿದ. ಅಲ್ಲಿ ಒಂದು ಗೀರೂ ಇರಲಿಲ್ಲ. ಬಿರುಕಿಗೆ ತೆಳ್ಳನೆಯ ಉಕ್ಕಿನ ಪಟ್ಟಿ ತುರುಕಲು ನೋಡಿದ, ಒಳಗೆ ಹೋಗಲಿಲ್ಲ; ಸಂದು ಮತ್ತೆ ಬಿಗಿಯಾಗಿ ಮುಚ್ಚಿಕೊಂಡಿತ್ತು. ಫೋಟೊ ತೆಗೆದು ಕಳಿಸಿದ. ಐದೇ ನಿಮಿಷಕ್ಕೆ ಸಾಹೇಬರ ಫೋನು ಬಂತು.

ವೀರೇಂದ್ರ: ಇಸಾಕಸಾಬ್ರ, ನಿಮ್ಮ ಗಿಲಾವು ಸೀಳಿ ನನ್ನ ನೌಕರಿ ಉಳೀತು! ತೆರದದ್ದೂ ಖರೇ, ಮುಚ್ಚಿದ್ದೂ ಖರೇ ಅಂದ್ರು ಸಾಹೇಬ್ರು. ಉಳಿದ ಮೂರು ಕಂಬಕ್ಕೂ ನಿಮ್ಮ ಕೈಲೇನ ಮಾಡಸಬೇಕಂತ. ಇಂಥಾದ ಬೇಕಂತ, ಹಿಂಗ ಸೀಳೂವಂಥಾದು!

ಇಸಾಕಸಾಬರ ಮುಖ ಸಣ್ಣದಾಯಿತು. ಕರಣಿಯನ್ನು ಒರೆಸಿ ಚೀಲಕ್ಕೆ ಹಾಕಿದರು.

ಇಸಾಕಸಾಬ: ಸೀಳೂ ಗಿಲಾವು ನನಗ ಬರಂಗಿಲ್ರಿ. ಅದಕ್ಕ ಮೇಡ್ಲೇರಿ ಗೌಂಡಿ ಅಜ್ಜಪ್ಪನ್ನ ಕರಸ್ರಿ. ಅವಂದು ಗಾಳಿ ಇಲ್ಲದೇನ ಸೀಳ್ತೈತಿ.