ಸಿನಿಮಾದಲ್ಲಿ ನನ್ನ ಬಲಗೈ

ಮೊಮ್ಮಕ್ಕಳೇ, ಶಿವಲೀಲಾ, ಮಲ್ಲೂ, ನಿಮ್ಮ ಆಯಿಗೆ ಸಿನಿಮಾದ ಹುಚ್ಚಿದೆ ಎಂದರೆ ನಗಬೇಡಿ. ಅದರಲ್ಲೂ ಕಾಲೇಜು ಹುಡುಗರೇ ಕೂಡಿ, ಕೈಯಲ್ಲಿ ಕಾಸಿಲ್ಲದೆ ತೆಗೆದ ನಗೆಯ ಸಿನಿಮಾ ಎಂದರೆ ನಾನು ಒಲೆಯ ಮೇಲಿನ ಹಾಲನ್ನೂ ಮರೆಯುತ್ತೇನೆ. ದೊಡ್ಡ ಸಿನಿಮಾದ ಕಾಲೇಜಿನಲ್ಲಿ ಹೀರೋ ಮಾಸ್ತರರಿಗಿಂತ ಹಿರಿಯ! ಹಾಡಿಗೊಂದು ಅಂಗಿ, ಯಾರಿಗೂ ಹಸಿವೆಯೇ ಇಲ್ಲ. ಬಡ ಸಿನಿಮಾದ ಹೀರೋಗೆ ಮೊದಲಿಂದ ಕೊನೆಯವರೆಗೆ ಒಂದೇ ಅಂಗಿ, ಅದೂ ಗೆಳೆಯನದು. ಪ್ರೀತಿಯ ಮಾತಿನ ನಡುವೆ ಹಿತ್ತಲ ಎಮ್ಮೆ ಒದರುತ್ತದೆ. ಹಳ್ಳಿಯ ಸಾಲೆ ಬಿಟ್ಟು ಬೇರೇನೂ ಕಾಣದ ನನಗೆ, ಕಾಲೇಜೂ ನಮ್ಮಂಥವರದೇ ಜಾಗ ಅನಿಸಿದ್ದು ಅವನ್ನು ನೋಡಿಯೇ.

ಈ ಹುಚ್ಚು ಹತ್ತಿದ್ದು ಬೈಲಹೊಂಗಲದ ನಮ್ಮ ಪಡಸಾಲೆಯಲ್ಲಿ. ನಿಮ್ಮ ಮುತ್ಯಾ ತೀರಿಕೊಂಡು ಕೆಲವು ವರ್ಷವಾಗಿತ್ತು. ಕಾಲೇಜಿಗೆ ಹೋಗುತ್ತಿದ್ದ ಎದುರುಮನೆಯ ಈರಣ್ಣ, ಮದುವೆ ಶೂಟಿಂಗಿನವರ ಕ್ಯಾಮೆರಾವನ್ನು ಒಂದು ದಿನದ ಮಟ್ಟಿಗೆ ಬೇಡಿ ತಂದು ಬಾಗಿಲಲ್ಲಿ ನಿಂತ.

"ಆಯೀ, ನಿಮ್ಮ ಪಡಸಾಲಿ ಇವತ್ತ ನಮ್ಮ ಹಾಸ್ಟೆಲ್ ಮೆಸ್ ರೀ."

"ಆಗವಲ್ಲದ್ಯಾಕ. ನನ್ನ ಮಾರಿ ಮಾತ್ರ ಸಿನಿಮಾದಾಗ ಬರಬಾರ್ದ ನೋಡಪಾ. ಮಂದಿ ಏನಂದಾರು?"

"ನಿಮ್ಮಾಣಿ, ಬರೂದಿಲ್ರಿ."

ಮುಖ ಕಾಣದಂತೆ ನಾನು ಅಡುಗೆಮನೆಯ ಬಾಗಿಲ ಮರೆಗೆ ಸರಿದೆ. ಹಾಸ್ಟೆಲಿನಲ್ಲಿ ಊಟ ಸಾಲದೆ ಹುಡುಗರು ಖಾಲಿ ತಾಟು ಬಡಿದು ಗದ್ದಲ ಮಾಡುವ ದೃಶ್ಯ ಅದು. ಬಡಿದರು. ನಮ್ಮ ಮನೆಯಲ್ಲಿ ಖಾಲಿ ತಾಟಿನ ಸಪ್ಪಳ! ನನಗೆ ತಿಳಿಯುವ ಮೊದಲೇ ಕೈ ಮುಂದೆ ಹೋಗಿ ಹೀರೋನ ತಾಟಿಗೆ ರೊಟ್ಟಿ ಹಾಕಿತ್ತು.

"ಆಯೀ, ಇವ್ರು ಉಪವಾಸ ಅದಾರ್ರೀ!" ಎಂದು ಈರಣ್ಣ ಚೀರಿದ.

"ಯಾಕ ಇರಬೇಕೋ? ಬುಟ್ಟಿ ತುಂಬ ರೊಟ್ಟಿ ಅದಾವಲ್ಲೋ."

ಮತ್ತೆ ಬಡಿದರು, ಮತ್ತೆ ಕೈ ಹೋಯಿತು, ಈ ಸಲ ಶೇಂಗಾ ಚಟ್ನಿಯೊಡನೆ. ಇದ್ದದ್ದು ಒಂದೇ ಕ್ಯಾಸೆಟ್ಟು; ಅದು ಮುಗಿಯಿತು, ಮತ್ತೆ ತೆಗೆಯುವಂತಿರಲಿಲ್ಲ. ಈರಣ್ಣ ಮುಖ ಸಣ್ಣಗೆ ಮಾಡಿಕೊಂಡು ಕ್ಯಾಮೆರಾ ಮರಳಿಸಲು ಹೋದ. ಹುಡುಗರ ಸಿನಿಮಾ ಹಾಳು ಮಾಡಿದೆನಲ್ಲ ಎಂದು ನನ್ನ ಕೈಯನ್ನೇ ಬೈದುಕೊಂಡೆ.

ಸಿನಿಮಾ ತಯಾರಾಗಿ ಸಿಡಿಗೆ ಇಳಿದ ಮೇಲೆ ಓಣಿಯ ಕಟ್ಟೆಯ ಮೇಲೆ ಟಿವಿ ಇಟ್ಟು ತೋರಿಸಿದರು. ನಾನು ಹೆಂಗಸರ ಹಿಂದೆ ಮುದುಡಿ ಕುಳಿತೆ. ಆ ದೃಶ್ಯ ಬಂತು. "ಊಟ ಕೊಡ್ರಿ! ಊಟ ಕೊಡ್ರಿ!" ಎಂದು ಹುಡುಗರು ಒದರುತ್ತಿದ್ದಾರೆ, ಬಾಗಿಲ ಮರೆಯಿಂದೊಂದು ಕೈ ಬಂದು ರೊಟ್ಟಿ ಹಾಕಿ ಮಾಯ! ಗದ್ದಲದ ಮುಂದಾಳಾದ ಹೀರೋ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಘೋಷಣೆ ಕೂಗುತ್ತಾನೆ. ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು, ಸೀಟಿ ಹೊಡೆಯಿತು. ಈರಣ್ಣ ಕಟ್ಟೆಯ ಮೇಲೆ ಕುಣಿಯುತ್ತಿದ್ದ. ನನ್ನೆದೆ ಹಗುರಾಗಿ ನಾನೂ ನಕ್ಕೆ. ಅಷ್ಟರಲ್ಲಿ ಮುಂದೆ ಕುಳಿತ ಗಂಗವ್ವ ಕೂಗಿದಳು: "ಆ ಕೈಮ್ಯಾಗಿನ ಚೇಳಿನ ಹಚ್ಚಿ ನೋಡ್ರೇ! ನೀಲವ್ವಾಯಿದ ಅಲ್ಲನ ಅದು?"

ಎಲ್ಲರೂ ಹೊರಳಿ ನೋಡಿದರು. ಗಾಬರಿಯಾಗಿ ಮುಖದ ಮೇಲೆ ಸೆರಗೆಳೆದುಕೊಂಡೆ. ಎಳೆದದ್ದು ಅದೇ ಬಲಗೈ, ಎಲ್ಲರಿಗೂ ಹಚ್ಚೆಯ ಚೇಳು ಕಾಣುವಂತೆ!

ಆ ಸಿಡಿ ಈಗ ಗೀರು ಬಿದ್ದು, ನನ್ನ ಕೈ ಬರುವ ಹೊತ್ತಿಗೇ ನಿಂತುಬಿಡುತ್ತದೆ. ಅದಕ್ಕೇ ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ, ಮಕ್ಕಳೇ. ಇದರಲ್ಲೂ ನನ್ನ ಮುಖ ಇಲ್ಲ; ಬರೆದದ್ದು ಮಾತ್ರ ಆ ಚೇಳಿನ ಕೈಯೇ.