ನನ್ನ ಕ್ರೂಸರಿಗೆ ಎಳೆಯೋ ಕ್ಯಾಮ್ ಹುಡುಕಿದ್ದು

ಬ್ಯಾರೇರು ಗಾಡಿ ರಿಪೇರಿ ಮಾಡಿಸ್ತಾರೆ, ಮನಿಗೆ ಹೋಗಿ ಉಣ್ತಾರೆ, ಮಲಗ್ತಾರೆ. ನಾನು ಒಂದು ನಟ್ ಬಿಚ್ಚಿಸಿದ್ರೂ ನಮ್ಮೂರಿಂದ ದಾವಣಗೆರೆ ತನಕ ಯಾರಾದ್ರೂ ಒಬ್ರು ಹೊಟ್ಟೆ ಹಿಡ್ಕಂಡು ನಗೋದು ಗ್ಯಾರಂಟಿ. ಈ ಕ್ಯಾಮ್‌ಶಾಫ್ಟ್ ವಿಷ್ಯದಾಗಂತೂ ಕೇಳಬ್ಯಾಡ್ರಿ. ಕೇಳಬ್ಯಾಡ್ರಿ ಅಂದ್ರೂ ಹೇಳ್ತೀನಿ, ತಡ್ಕೊಳ್ಳಾಕೆ ಆಗಲ್ಲ ನಂಗೆ.

ಏರು

ನಮ್ಮೂರು ಸಾರಥಿ. ಕೆಲಸ ದಾವಣಗೆರೆಯ ಒಂದು ಬೇರಿಂಗ್ ಅಂಗಡಿಯಾಗೆ. ಆಸೆಪಟ್ಟು ಸೆಕೆಂಡ್ ಹ್ಯಾಂಡ್ ಕ್ರೂಸರ್ ಬೈಕ್ ತಗಂಡಿದ್ದೆ. ತಗ್ಗು ಸೀಟು, ಅಗಲ ಹ್ಯಾಂಡಲ್ಲು, ಕೂತ್ರೆ ರಾಜ ಕೂತಂಗೆ! ಆದ್ರೆ ಎಳೆತ ಇಲ್ಲ. ಒಬ್ನೇ ಇದ್ರೆ ಹೆಂಗೋ ಹೋಗ್ತೈತೆ. ಹಿಂದೆ ಅಪ್ಪ ಕೂತು, ತೊಡೆ ಮ್ಯಾಲೆ ಗೊಬ್ಬರದ ಚೀಲ ಇಟ್ಕಂಡ್ರೆ ಮುಗೀತು.

ಒಂದಿನ ಹರಿಹರದ ಮೇಲ್ಸೇತುವೆ ಏರಿನಾಗೆ ಗಾಡಿ ಢಗ್ ಢಗ್ ಅಂತ ಅಳಾಕೆ ಶುರು ಮಾಡ್ತು. ಅಪ್ಪ ಕೆಳಗೆ ಇಳಿದ. ಚೀಲ ಹೆಗಲಿಗೆ ಹಾಕ್ಕಂಡ. ನಡ್ಕಂತ ಹೋದ. ನಾನು ಫಸ್ಟ್ ಗೇರಿನಾಗೆ ಹಿಂದೆ ಹಿಂದೆ. ಆ ಕಡೆ ಇಳಿದು ನೋಡ್ತೀನಿ, ಅಪ್ಪ ಆಗ್ಲೇ ಮಂಡಕ್ಕಿ ಮಿರ್ಚಿ ತಿಂದು ಕೈ ತೊಳೀತಾ ಅದಾನೆ!

"ಕಾರಹುಣ್ಣಿಮೆ ತನಕ ಟೈಮು. ಅಷ್ಟ್ರಾಗೆ ಇದು ನನ್ನ ಎಳೀಬೇಕು. ಇಲ್ಲಾಂದ್ರೆ ಮಾರಿ ಒಂದು ಸ್ಕೂಟಿ ತಗಳಾನ."

"ಎಳಿಸೇ ಎಳಿಸ್ತೀನಪ್ಪ! ಬರ್ಕಾ!"

"ಬರ್ಕಳ್ಳಾಕೆ ಪುರುಸೊತ್ತೈತೆ ಬಿಡು. ಹೆಂಗೂ ನೀನು ಬರಾದು ಲೇಟು."

ಮೇಸ್ತ್ರಿಯ ಆಸೆ

ದಾವಣಗೆರೆಯಾಗೆ ನಮ್ಮ ಅಂಗಡಿ ಪಕ್ಕದ ಮೆಕ್ಯಾನಿಕ್‌ಗೆ ಎಲ್ರೂ ಮೇಸ್ತ್ರಿ ಅಂತಾರೆ. ಅವನೇ ತಿಳಿಸಿ ಹೇಳಿದ: ಎಂಜಿನ್ನಿಗೆ ಉಸಿರಾಡಾಕೆ ವಾಲ್ವ್ ಅಂತ ಬಾಗಿಲು ಇರ್ತಾವೆ. ಅವನ್ನ ತಗದು ಮುಚ್ಚೋ ಕೋಲೇ ಕ್ಯಾಮ್‌ಶಾಫ್ಟು. ಅದರ ಮೈಮ್ಯಾಲೆ ಮೊಟ್ಟೆ ಆಕಾರದ ಉಬ್ಬು. ಉಬ್ಬು ದೊಡ್ಡದಿದ್ರೆ ಗಾಡಿ ಜೋರು ಓಡುವಾಗ ತಾಕತ್ತು, ಸಣ್ಣದಿದ್ರೆ ನಿಧಾನಕ್ಕೆ ಹೋಗುವಾಗ ಎಳೆತ.

"ಮತ್ತೆ ನಂಗೆ ಯಾವ್ದು ಮೇಸ್ತ್ರಿ?"

"ದೊಡ್ಡದು! ರೇಸಿಂದು! ಕಣ್ಣು ಮುಚ್ಚಿ ತರ್ಸು!"

ತರಿಸಿದೆ. ಹಾಕಿದ. ಆಹಾ, ಏನು ಸೌಂಡ್ರೀ! ನಿಂತಲ್ಲೇ ದಡ್‌ಬಡ್, ದಡ್‌ಬಡ್ ಅಂತೈತೆ. ಖುಷಿಯಾಗಿ ಹೊಂಟ್ರೆ ಮೊದಲಿದ್ದ ಎಳೆತಾನೂ ಇಲ್ಲ! ತಾಕತ್ತು ಬರಾದು ತೊಂಬತ್ತು ದಾಟಿದ ಮ್ಯಾಲೆ. ದಾವಣಗೆರೆ ಪ್ಯಾಟಿಯಾಗೆ ಆಟೋ, ಆಕಳು, ತಳ್ಳುಗಾಡಿ ಮಧ್ಯೆ ತೊಂಬತ್ತು ಎಲ್ಲಿ ಹೋಗಾನ?

ಊರಿಗೆ ಬಂದು ಎಂಜಿನ್ ಆಫ್ ಮಾಡದಂಗೆ ಮನಿ ಮುಂದೆ ನಿಲ್ಸಿದೆ. ಪಕ್ಕದ ಮನಿ ಅಜ್ಜಿ ಕೋಲೂರ್ಕಂತ ಬಂದ್ಲು. ಟ್ಯಾಂಕಿನ ಮ್ಯಾಲೆ ಕೈ ಇಟ್ಲು. ಕಣ್ಣು ಮುಚ್ಚಿ ಕೇಳಿದ್ಲು. "ನಮ್ಮ ಮನಿಯವ್ರಿಗೂ ಕೊನೀಗೆ ಎದಿ ಹಿಂಗೇ ಬಡ್ಕಂತಿತ್ತಪ್ಪ. ಯಾರ್‍ಯಾರಿಗೆ ಹೇಳಿ ಕಳಿಸ್ಬೇಕೋ ಈಗ್ಲೇ ಕಳಿಸ್ಬಿಡು."

ಮರುದಿನ ಮೇಸ್ತ್ರಿ ಕೊರಳಪಟ್ಟಿ ಹಿಡ್ದೆ. "ಯಾಕ ಹೇಳ್ದೆ ಇದನ್ನ?"

ಅವನು ನಾಚ್ಕೊಂಡ. "ಭಾಯ್, ಅದ್ರ ಸೌಂಡು ಒಂದ್ಸಲನಾದ್ರೂ ಕೇಳ್ಬೇಕು ಅಂತ ಹುಡುಗ ಇದ್ದಾಗಿಂದ ಆಸೆ. ನನ್ನತ್ರ ಇರಾದು ಲೂನಾ."

ಸುಳ್ಳು ಹೇಳಬ್ಯಾಡ

ಬಿಡ್ತೀನಾ ನಾನು? ಎರಡ್ನೇ ಸಲ ಹೋದೆ. ಅವತ್ತು ಅಪ್ಪನೂ ಬಂದಿದ್ದ, ಮೂಲ್ಯಾಗೆ ಆಯಿಲ್ ಡಬ್ಬಿ ಮ್ಯಾಲೆ ಕೂತಿದ್ದ.

ಮೇಸ್ತ್ರಿ ಕೇಳಿದ: "ಈ ಸಲ ಸರಿಯಾಗಿ ನೋಡಾನ. ಹೆಂಗೆ ಓಡಿಸ್ತಿ ನೀನು?"

ಸುತ್ತ ನಾಕು ಹುಡುಗ್ರು ನಿಂತಿದ್ರು ನೋಡ್ರಿ, ಬಾಯಿ ಸುಮ್ನಿರಲಿಲ್ಲ. "ಹೈವೇನಾಗೆ ನೂರಿಪ್ಪತ್ತರ ಕೆಳಗೆ ಇಳಿಯಂಗೇ ಇಲ್ಲ!"

ಅಪ್ಪ ಕೂತಲ್ಲಿಂದಾನೇ ಅಂದ: "ಮೇಸ್ತ್ರಿ, ಹರಿಹರ ರೋಡಿನ ಬಾತಿ ಹತ್ರ ನಮ್ಮನ್ನ ಕುರಿ ಮಂದೆ ಓವರ್‌ಟೇಕ್ ಮಾಡ್ತು."

"ಅಪ್ಪಾ, ಅದು ಟ್ರಾಫಿಕ್ಕು!"

"ಎಲ್ಲೀದು? ಕುರಿಗಳು ಆರಾಮಾಗಿ ಹೋದ್ವಲ್ಲ."

ಹುಡುಗ್ರು ಬಿದ್ದು ಬಿದ್ದು ನಕ್ರು. ಮೇಸ್ತ್ರಿ ಸಣ್ಣ ಉಬ್ಬಿನ ಕ್ಯಾಮಿಗೆ ಫೋನ್ ಮಾಡ್ದ: "ಹಲೋ, ನಿಧಾನಕ್ಕೆ ಎಳೆಯೋ ಕ್ಯಾಮ್ ಒಂದು ಕಳಿಸ್ರಿ. ಗಾಡಿ ಓಡಿಸೋರು ಸುಳ್ಳು ಹೇಳ್ತಾರೆ, ಹಿಂದೆ ಕೂರೋರು ಹೇಳಿದ ಸ್ಪೀಡು ಬರ್ಕಳ್ರಿ."

ಇಬತ್ತಿ

ಹೊಸ ಕ್ಯಾಮ್ ಬಂತು. ಹೊಸಾ ವಸ್ತು ಅಂದ್ಮ್ಯಾಲೆ ನಮ್ಮನಿಯಾಗೆ ಮೊದ್ಲು ದೇವರ ಜಗಲಿ ಮ್ಯಾಲೆ ಇಡ್ಬೇಕು. ಇಟ್ಟೆ. ಸ್ನಾನ ಮಾಡಿ ಬರಾದ್ರಾಗೆ ಅವ್ವ ಕ್ಯಾಮಿನ ಒಂದೊಂದು ಉಬ್ಬಿಗೂ ಮೂರ್‍ಮೂರು ಬೆರಳಿನ ಇಬತ್ತಿ ಹಚ್ಚಿದ್ಲು. ನಡುವೆ ಕುಂಕುಮ. ತುದಿಗೆ ಒಂದು ದಾಸವಾಳ.

ಹಂಗೇ ತಗಂಡು ಹೋದೆ, ಹಿಂದೆ ಅವ್ವನೂ ಕೂತ್ಲು. ಮೇಸ್ತ್ರಿ ಪೊಟ್ಣ ಬಿಚ್ಚಿ ಕಿರುಚಿದ: "ಯಾ ಅಲ್ಲಾ! ಅಮ್ಮಾ, ಬೂದಿ ಎಂಜಿನ್ ಒಳಗೆ ಹೋದ್ರೆ ಉಬ್ಬೆಲ್ಲಾ ತೇದು ಹೋಗ್ತಾವೆ!" ಸೀದಾ ಸೀಮೆಎಣ್ಣೆ ಬೋಗುಣಿಗೆ ಮುಳುಗಿಸಿಬಿಟ್ಟ.

ಅವ್ವನ ಮುಖ ಸಣ್ಣದಾತು. ಆಮ್ಯಾಲೆ ಸೆರಗಿನ ಗಂಟು ಬಿಚ್ಚಿ ಇಬತ್ತಿ ತಗದ್ಲು. "ಕ್ಯಾಮಿಗೆ ಬ್ಯಾಡ ಅಂದ್ರೆ ಬ್ಯಾಡ. ಕೂರ್ಸೋ ಕೈಗಾದ್ರೂ ಬೇಕಲ್ಲ, ಚಾಚು."

ಮೇಸ್ತ್ರಿ ಪಾಪ ಚಾಚಿದ. ಎರಡೂ ತೋಳಿಗೆ ಮೂರು ಮೂರು ಗೆರಿ ಬಿದ್ವು. ಅಷ್ಟ್ರಾಗೆ ಬಾಗಿಲಾಗೆ ಅವನ ಹೆಂಡ್ತಿ, ಬುತ್ತಿ ಹಿಡ್ಕಂಡು. ಮೇಲಿಂದ ಕೆಳಗೆ ನೋಡಿ ಅಂದ್ಲು: "ಒಂದು ಗಾಡಿ ರಿಪೇರಿಗೆ ಏನೇನೆಲ್ಲಾ ಮಾಡ್ತಿಯಪ್ಪ! ಮನಿ ಮಿಕ್ಸಿ ಕೆಟ್ಟು ಒಂದು ವರ್ಷಾತು."

ಕಾರಹುಣ್ಣಿಮೆ

ಹಬ್ಬದ ದಿನ ಊರ ಬಯಲಾಗೆ ಎತ್ತುಗಳಿಗೆ ಕೊಂಬು ಸವರಿ, ಬಣ್ಣ ಬಳಿದು ಎಲ್ರೂ ಸೇರಿದ್ರು. ಅಪ್ಪ ನಮ್ಮ ಖಾಲಿ ಎತ್ತಿನ ಚಕ್ಕಡಿ ತಂದ. ಹಗ್ಗದಿಂದ ನನ್ನ ಕ್ರೂಸರಿಗೆ ಕಟ್ಟಿದ, ತಾನೂ ಹತ್ತಿ ಕೂತ. ಎತ್ತಿಗೆ ಹೆಂಗೆ ಪರೀಕ್ಷೆ ಮಾಡ್ತಾರೋ ಹಂಗೆ! ಇವತ್ತು ಎಳೀಲಿಲ್ಲ ಅಂದ್ರೆ ಗಾಡಿ ಹೋತು. ಕ್ಲಚ್ ಮೆಲ್ಲಗೆ ಬಿಟ್ಟೆ. ದುಡ್ ದುಡ್ ದುಡ್ ಅಂತ, ಒಂಚೂರೂ ಉಸಿರು ಕಟ್ಟದಂಗೆ, ಚಕ್ಕಡಿ ಎಳ್ಕಂಡು ಬಯಲು ಸುತ್ತು ಹಾಕಿಬಿಡ್ತು! ಜನ ಶಿಳ್ಳೆ ಹೊಡೆದ್ರು. ಅಪ್ಪನ ಮೀಸಿ ಕೆಳಗೆ ನಗು ಕಂಡೆ ನಾನು, ಕಣ್ಣಾರೆ ಕಂಡೆ!

ಅಲ್ಲಿ ಎತ್ತು ನೋಡಾಕೆ ಬಂದಿದ್ದ ದನದ ದಲ್ಲಾಳಿ ಒಬ್ಬ ಹತ್ರ ಬಂದ. ವ್ಯಾಪಾರ ಕುದುರಿಸಿ ಎರಡೂ ಕಡೆಯಿಂದ ಕಮಿಷನ್ ತಗಳ್ಳೋನು. "ಯಜಮಾನ್ರೆ, ಇದನ್ನ ಕೊಡ್ತೀರೇನ್ರಿ? ನನ್ನತ್ರ ಗಿರಾಕಿ ಅದಾನೆ."

ಅಪ್ಪ ಕೊಡಲ್ಲ ಅನ್ಬೇಕಿತ್ತೋ ಬ್ಯಾಡೋ? ಆದ್ರೆ ಸಂತಿಯಾಗೆ ಬೆಳೆದ ಕೈ ಅದು! ದಲ್ಲಾಳಿ ತನ್ನ ಕೈ ಮ್ಯಾಲೆ ಟವೆಲ್ ಹಾಕಿದ್ದೇ ತಡ, ಅಪ್ಪನ ಕೈ ತಾನೇ ಒಳಗೆ ಹೋತು. ದನದ ವ್ಯಾಪಾರದಾಗೆ ರೇಟು ಬಾಯಿಬಿಟ್ಟು ಹೇಳಂಗಿಲ್ಲ, ಟವೆಲ್ ಕೆಳಗೆ ಬೆರಳು ಹಿಡ್ದು ಹೇಳ್ಬೇಕು, ಬೆರಳು ಹೆಚ್ಚಾದಂಗೆ ರೇಟು ಹೆಚ್ಚು. ಮುಖ ಮಾತ್ರ ಆಕಾಶದ ಕಡೆ, ಆಸೆ ಕಾಣಬಾರ್ದು ಅಂತ.

"ಅಪ್ಪಾ! ಗಾಡಿ ಪಾಸಾತಲ್ಲ, ಮಾರಬ್ಯಾಡ!"

"ಸುಮ್ನಿರಲೇ. ರೇಟು ನೋಡಾನ."

ದಲ್ಲಾಳಿ ಎರಡು ಬೆರಳು ಹಿಡ್ದನೋ, ಮೂರು ಹಿಡ್ದನೋ, ಅಪ್ಪ ಆಕಾಶ ನೋಡ್ಕಂತ ತಲೆ ಅಲ್ಲಾಡಿಸ್ತಾನೆ. ನಂಗೆ ತಡೀಲಿಲ್ಲ. ಅಪ್ಪನ ಕೈ ಎಳೆಯಾನ ಅಂತ ನಾನೂ ಟವೆಲ್ ಒಳಗೆ ಕೈ ತೂರಿಸಿ, ಅವನ ಐದೂ ಬೆರಳು ಸೇರಿಸಿ ಗಟ್ಟಿಯಾಗಿ ಹಿಡ್ದೆ.

ಅಪ್ಪನ ಕಣ್ಣು ಅರಳ್ತು. "ಆತು! ಕೊಟ್ಟೆ!"

ಟವೆಲ್ ತಗದ್ರೆ ದಲ್ಲಾಳಿ ಕೈ ಆಗ್ಲೇ ಆಚೆ. ಅಪ್ಪನ ಬೆರಳು ಹಿಡ್ದಿರೋದು ನಾನು!

"ಅದು ವ್ಯಾಪಾರ ಅಲ್ಲಪ್ಪ, ನಾನು ತಡ್ದಿದ್ದು!"

ಊರ ಹಿರೇರು ಒಪ್ತಾರಾ? "ಟವೆಲ್ ಕೆಳಗೆ ಆದ ಮಾತು ಆದಂಗೇ. ಹುಡುಗ ತಗಂಡ, ಅಪ್ಪ ಕೊಟ್ಟ. ಮುಗೀತು."

ಗಾಡಿ ನಂದೇ ಉಳೀತು, ನನ್ನ ಗಾಡೀನ ನಾನೇ ಕೊಂಡ್ಕೊಂಡೆ. ಅಪ್ಪ ನನ್ನ ಮುಖ ನೋಡ್ದ, ನಾನು ಅಪ್ಪನ ಮುಖ ನೋಡ್ದೆ. ದಲ್ಲಾಳಿ ಮಾತ್ರ ಟವೆಲ್ ಕೊಡವಿ ಹೆಗಲಿಗೆ ಹಾಕ್ಕಂಡು, ನಮ್ಮಿಬ್ರ ಮುಂದೆ ಒಂದೊಂದು ಕೈ ಚಾಚಿದ: "ಮಾರಿದೋರದ್ದು ಈ ಕೈಗೆ, ತಗಂಡೋರದ್ದು ಈ ಕೈಗೆ. ಬರ್ರಿ, ಒಂದೇ ಮನಿಯೋರು, ಜಗಳ ಆಡಬ್ಯಾಡ್ರಿ."